ಹುಣಸೆಹುಳಿ ತಿಕ್ಕಿದ ತಂತಿ

ಅಂಧೇರಿ, ಮುಂಬಯಿ
೧೦ ಜೂನ್ ೧೯೫೬, ಭಾನುವಾರ

ನೀಲಕಂಠಪ್ಪನವರಿಗೆ ವಾರಿಜಾಳ ನಮಸ್ಕಾರಗಳು.

ಈಗ ಸಂಜೆ ಏಳು ಗಂಟೆ. ದಿನವೆಲ್ಲ ಒದ್ದೆಯಾದ ಚಾಪೆ, ಹಾಸಿಗೆಗಳನ್ನು ಹೊರಗೆ ಹಾಕುವುದು, ಮೋಡ ಕಂಡರೆ ಒಳಗೆ ಎಳೆಯುವುದು, ಇಷ್ಟರಲ್ಲೇ ಹೋಯಿತು. ಪತ್ರದ ಮೊದಲಿಗೆ ಗಂಟೆ ಬರೆಯುವುದು ಇವರಿಂದ ಬಂದ ಅಭ್ಯಾಸ. ರೇಡಿಯೋದಲ್ಲಿ ಯಾರೊಡನೆ ಮಾತಾಡುವುದಿದ್ದರೂ ಇವರು ಮೊದಲು ಗಂಟೆ ಬರೆದುಕೊಂಡೇ ಕಿವಿಗೆ ಹೆಡ್‌ಫೋನ್ ಹಾಕುತ್ತಿದ್ದರು. ನಾನು ನನ್ನ ದಿನಚರಿಯನ್ನೂ ಹಾಗೆಯೇ ಬರೆಯುತ್ತೇನೆ.

ಶುಕ್ರವಾರದ ಬಿರುಗಾಳಿಗೆ ಚಾಳಿನ ಹಿಂದಿನ ನೇರಳೆಮರದ ಕೊಂಬೆ ಮುರಿದು ಏರಿಯಲ್ ತಂತಿಯ ಮೇಲೆ ಬಿತ್ತು. ತಂತಿ ಒಂದು ಕಡೆ ತುಂಡಾಗಿದೆ. ಕರೆಂಟಿನವನನ್ನು ಕರೆದರೆ, "ಯೇ ಅಪನಾ ಕಾಮ್ ನಹೀಂ, ಬಾಯಿ" ಎಂದು ತಿರುಗಿಯೂ ನೋಡದೆ ಹೋದ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಇವರು ಹೋದ ಮೇಲೆ ಕಳಿಸುವ ಯಂತ್ರವನ್ನು ಲೈಸೆನ್ಸಿನ ಜೊತೆಗೆ ಸರಕಾರಕ್ಕೆ ಒಪ್ಪಿಸಿದೆವು. ಕೇಳುವ ಪೆಟ್ಟಿಗೆ ಮಾತ್ರ ಉಳಿದಿದೆ. ನಾನು ಉತ್ತರ ಕೊಡಲಾರೆ ಎಂದು ಗೊತ್ತಿದ್ದೂ ನೀವು ದಿನಾ ಸಂಜೆ ಆರೂವರೆಗೆ, ಇವರೊಡನೆ ಮಾತಾಡುತ್ತಿದ್ದ ಅದೇ ಜಾಗದಲ್ಲಿ, ಮೋರ್ಸ್ ಕೀ ಬಡಿಯುತ್ತೀರಿ. ಆ ಜಾಗಕ್ಕೆ ಇವರು ಪೆಟ್ಟಿಗೆಯ ಡಯಲ್ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಮುಳ್ಳನ್ನು ಅಲ್ಲಿಗೆ ತಂದು ಕೂರುತ್ತೇನೆ.

ನನಗೆ ಆ ಗಿಡ್ಡ ಸದ್ದು, ಉದ್ದ ಸದ್ದುಗಳ ಅಕ್ಷರ ಬರುವುದಿಲ್ಲ. ನಾನು ಓದಿದ್ದು ಐದನೇ ಕ್ಲಾಸು. ಆದರೆ ಕೈ ಗೊತ್ತಾಗುತ್ತದೆ, ಮೆಟ್ಟಿಲ ಮೇಲಿನ ಹೆಜ್ಜೆಯಿಂದ ಬಂದವರು ಯಾರೆಂದು ಗೊತ್ತಾಗುವ ಹಾಗೆ. ಯುದ್ಧದ ಕಾಲದಲ್ಲಿ ಜಬಲ್ಪುರದ ತರಬೇತಿಯಲ್ಲಿ ನಿಮಗೆ ಕೀ ಹಿಡಿಯಲು ಕಲಿಸಿದ್ದು ಇವರೇ ಅಲ್ಲವೇ. ನಿಮ್ಮ ಕೈಯಲ್ಲಿ ಇವರ ಕೈಯ ಓಟ ಇದೆ. ಕೊನೆಯ ಉದ್ದ ಸದ್ದನ್ನು ಬಿಡಲು ಮನಸ್ಸಿಲ್ಲದವರ ಹಾಗೆ ಸ್ವಲ್ಪ ಎಳೆಯುತ್ತೀರಿ. ಎಲ್ಲ ಮುಗಿದ ಮೇಲೆ ಒಂದು ಬಡಿತ, ತುಸು ತಡೆದು ಇನ್ನೊಂದು. ಇವರು ಕೆಲಸದಿಂದ ಬಂದಾಗ ಬಾಗಿಲು ಬಡಿಯುತ್ತಿದ್ದದ್ದೂ ಹಾಗೆಯೇ. ಅದನ್ನು ಕೇಳಿದ ಮೇಲೆ ನಾನು ರಾತ್ರಿಯ ಅನ್ನಕ್ಕೆ ಒಲೆ ಹಚ್ಚುತ್ತಿದ್ದೆ. ಈಗ ನಿಮ್ಮದನ್ನು ಕೇಳಿ ಹಚ್ಚುತ್ತೇನೆ.

ಎರಡು ದಿನದಿಂದ ಪೆಟ್ಟಿಗೆಯಲ್ಲಿ ಎಣ್ಣೆ ಕಾಯುವ ಸದ್ದು ಬಿಟ್ಟರೆ ಏನೂ ಇಲ್ಲ. ತಂತಿ ಸರಿಮಾಡುವುದು ಹೇಗೆಂದು ನನಗೆ ತಿಳಿಯುವ ಹಾಗೆ ಬರೆಯಿರಿ.

ವಾರಿಜಾ

*

ಧಾರವಾಡ
೧೫ ಜೂನ್ ೧೯೫೬

ವಾರಿಜಾ ವೈನಿಯವರಿಗೆ ನೀಲಕಂಠಪ್ಪನ ಶರಣು.

ನಿಮ್ಮ ಪತ್ರ ಬಂದಾಗ ನಾನು ತಾರು ಆಫೀಸಿಗೆ ಹೊರಟಿದ್ದೆ. ಓದುತ್ತ ನಿಂತು ಅರ್ಧ ಗಂಟೆ ತಡಮಾಡಿ ಸಾಹೇಬರ ಕೈಲಿ ಬೈಸಿಕೊಂಡೆ. ಗಾಳಿಗೆ ತಂತಿ ಹರಿಯುವುದು ನಮ್ಮ ಹವ್ಯಾಸದವರಿಗೆ ನೆಗಡಿ ಬಂದ ಹಾಗೆ. ಹೆದರಬೇಡಿರಿ.

ಮೊದಲು ಪೆಟ್ಟಿಗೆಯ ಹಿಂದಿರುವ ಏರಿಯಲ್ ಪಿನ್ನನ್ನು ಕಿತ್ತು ನೋಡಿರಿ. ಕಿತ್ತಾಗ ಒಳಗಿನ ಸದ್ದು ಕಡಿಮೆಯಾದರೆ ತಂತಿಯಲ್ಲಿ ಜೀವ ಇದೆ ಎಂದರ್ಥ. ಏನೂ ಬದಲಾಗದಿದ್ದರೆ ತಂತಿ ಇದ್ದೂ ಇಲ್ಲದ ಹಾಗೆ. ಆಮೇಲೆ ಯಾರನ್ನಾದರೂ ಮೇಲೆ ಹತ್ತಿಸಿ, ತುಂಡಾದ ಎರಡೂ ತುದಿಗಳನ್ನು ಕೆಳಗಿಳಿಸಿರಿ. ತಾಮ್ರದ ಮೇಲಿನ ಹಸಿರು ಕಿಲುಬು ಪೂರಾ ಹೋಗಿ ಹೊಸ ಕೊಡದ ಹಾಗೆ ಹೊಳೆಯಬೇಕು. ಹೊಳೆದ ಮೇಲೆ ಒಂದಕ್ಕೊಂದು ಬಿಗಿಯಾಗಿ ಹೊಸೆದು ಮೇಲಕ್ಕೆ ಎಳೆಯಿರಿ.

ನನ್ನ ಕೈಯಲ್ಲಿ ಚೆನ್ನಯಣ್ಣನ ಕೈ ಇದೆ ಎಂದು ಬರೆದಿರಿ. ಇಲ್ಲದೆ ಏನು! ತಪ್ಪಿದಾಗಲೆಲ್ಲ ಬೆರಳ ಗೆಣ್ಣಿಗೆ ಪೆನ್ಸಿಲಿನಿಂದ ಹೊಡೆಯುತ್ತಿದ್ದ. "ಏ ಧಾರವಾಡ, ನಿನ್ನ ಕೈ ಎಮ್ಮೆ ಹಾಗೆ ನಡೀತದಲ್ಲ ಮಾರಾಯ, ಸ್ವಲ್ಪ ಓಡಿಸು" ಅನ್ನುತ್ತಿದ್ದ. ಆರು ತಿಂಗಳು ಎಮ್ಮೆ, ಆಮೇಲೆ ಕುದುರೆ. ಈಗಲೂ ಕೀ ಮುಟ್ಟಿದರೆ ಬಲಗೈಯ ಪಕ್ಕದಲ್ಲಿ ಅವನೇ ಕೂತ ಹಾಗೆ ಆಗುತ್ತದೆ.

ಆರೂವರೆಗೆ ನಾನು ಇದ್ದೇ ಇರುತ್ತೇನೆ. ಈ ಪತ್ರವನ್ನು ನಾಳೆ ಬೆಳಿಗ್ಗೆ ನಾನೇ ಡಬ್ಬಿಗೆ ಹಾಕುತ್ತೇನೆ. ನನ್ನ ಹೆಂಡತಿ ರುದ್ರವ್ವನ ಕೈಗೆ ಕೊಟ್ಟರೆ ಸಂತೆಚೀಲದಲ್ಲೇ ಉಳಿದುಬಿಡುತ್ತದೆ.

ನೀಲಕಂಠಪ್ಪ

*

ಅಂಧೇರಿ
೨೪ ಜೂನ್ ೧೯೫೬, ಭಾನುವಾರ

ನೀಲಕಂಠಪ್ಪನವರಿಗೆ ನಮಸ್ಕಾರಗಳು.

ಈಗ ಮಧ್ಯಾಹ್ನ ಮೂರು. ಬೆಳಿಗ್ಗೆಯಿಂದ ಎರಡು ರವಿಕೆ ಹೊಲಿದೆ. ಮಳೆ ನಿಂತಿಲ್ಲ.

ನಿಮ್ಮ ಪತ್ರ ಬಂದದ್ದು ಮಂಗಳವಾರ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಸಪ್ಲೈ ಮಾಡುವ ನನ್ನ ತಮ್ಮ ಮೋನಪ್ಪ ಅದೇ ದಿನ ರಜೆ ಹಾಕಿ ಬಂದ. ಛಾವಣಿಗೆ ಹತ್ತಿ ನೋಡಿದರೆ ತುಂಡಾದ ತಂತಿಯನ್ನು ಯಾರೋ ಗಟ್ಟಿಯಾಗಿ ಗಂಟು ಹಾಕಿ ಕಟ್ಟಿದ್ದಾರೆ. ಅದರ ಮೇಲೆ ಹಸಿರು ಸೀರೆಯೊಂದು ನೀರು ಸುರಿಸುತ್ತ ತೂಗುತ್ತಿದೆ. ಬೆಳಗಾವಿ ಕಡೆಯ ಗಂಗುಬಾಯಿ, ನಮ್ಮ ಪಕ್ಕದ ಖೋಲಿಯವಳು, ಕೆಳಗೆ ನಿಂತು ನಗುತ್ತಿದ್ದಾಳೆ. "ಬಿದ್ದ ತಂತಿ ನಾನs ಕಟ್ಟೇನಿ ನೋಡವಾ ವಾರಿಜಾ. ನನ್ನ ಒಂಬತ್ತು ವಾರಿ ಸೀರಿ ಹಾಕಿದ್ರೂ ಬಗ್ಗವಲ್ದು!" ಮೋನಪ್ಪ ಮೇಲಿನಿಂದಲೇ, "ಅಕ್ಕ, ಇನ್ನು ಧಾರವಾಡದಿಂದ ಬರುವುದು ಸೀರೆಯ ಸುದ್ದಿಯೇ" ಅಂದ. ಇವರು ಹೋದ ಮೇಲೆ ನಾನು ನಕ್ಕದ್ದು ಮೊದಲ ಸಲವೋ ಏನೋ.

ನೀವು ಹೊಸ ಕೊಡದ ಹಾಗೆ ಹೊಳೆಯಬೇಕು ಎಂದಿದ್ದಿರಿ. ಹುಣಸೆಹುಳಿ, ಉಪ್ಪು ಹಾಕಿ ಎರಡೂ ತುದಿಗಳನ್ನು ಚೆನ್ನಾಗಿ ತಿಕ್ಕಿದೆ. ಬಂಗಾರದ ಹಾಗೆ ಆಯಿತು. ಮೋನಪ್ಪ ಹೊಸೆದು ಮೇಲಕ್ಕೆ ಎಳೆದ. ಪೆಟ್ಟಿಗೆ ಹಾಕಿದರೆ ಸಿಲೋನ್ ಬಂತು, ದಿಲ್ಲಿಯ ವಾರ್ತೆ ಬಂತು. ಆರೂವರೆಗೆ ಪೆನ್ಸಿಲ್ ಗುರುತಿಗೆ ಮುಳ್ಳು ತಂದು ಕೂತೆ.

ನೀವು ಬರಲಿಲ್ಲ. ಮರುದಿನವೂ ಇಲ್ಲ. ಆಮೇಲೆ ಸಿಲೋನ್ ಕೂಡ ಕ್ಷೀಣವಾಗುತ್ತ ಬಂದು, ನಿನ್ನೆಯಿಂದ ಮತ್ತೆ ಎಣ್ಣೆ ಕಾಯುವ ಸದ್ದು. ಪಿನ್ನು ಕಿತ್ತರೂ ಏನೂ ಬದಲಾಗುವುದಿಲ್ಲ. ನಾನು ಎಲ್ಲಿ ತಪ್ಪಿದೆ?

ಇನ್ನೊಂದು ಸಂಗತಿ. ಮಳೆಗಾಲ ಮುಗಿದ ಮೇಲೆ ಮಾಲೀಕರು ಚಾಳಿನ ಮೇಲೆ ಇನ್ನೊಂದು ಮಾಳಿಗೆ ಎಬ್ಬಿಸುತ್ತಾರಂತೆ. ಸೆಪ್ಟೆಂಬರ್ ಕೊನೆಯೊಳಗೆ ತಂತಿ, ಕಂಬ ಎಲ್ಲ ಇಳಿಸಿ ಖೋಲಿ ಬಿಡಬೇಕು. ವಿಕ್ರೋಳಿಯಲ್ಲಿರುವ ತನ್ನ ಖೋಲಿಗೆ ಬಾ ಎಂದು ಮೋನಪ್ಪ ಕರೆಯುತ್ತಿದ್ದಾನೆ. ಅದು ನೆಲದ ಖೋಲಿ. ಅಲ್ಲಿ ತಂತಿ ಎಳೆಯಲು ಜಾಗ ಇದೆಯೆಂದು ತೋರುವುದಿಲ್ಲ. ಅಷ್ಟರೊಳಗೆ ನಿಮ್ಮ ಕೈ ಕೇಳಬೇಕು. ಬೇರೆ ಆಸೆ ಇಲ್ಲ.

ವಾರಿಜಾ

*

ಅಂಧೇರಿ
೮ ಜುಲೈ ೧೯೫೬, ಭಾನುವಾರ

ನೀಲಕಂಠಪ್ಪನವರಿಗೆ ನಮಸ್ಕಾರಗಳು.

ಈಗ ಸಂಜೆ ಐದೂವರೆ. ಹೇಳುವಂಥದ್ದೇನೂ ಇಂದು ನಡೆಯಲಿಲ್ಲ.

ಎರಡು ವಾರದಿಂದ ನಿಮ್ಮ ಉತ್ತರ ಇಲ್ಲ. ಮಳೆಗೆ ಟಪಾಲು ತಡವಾಗಿರಬಹುದು. ಅಥವಾ ಸೀರೆಯ ಮಾತು ಬರೆದದ್ದು ನಿಮಗೆ ಹಗುರವಾಗಿ ಕಂಡಿತೋ ಏನೋ. ಇವರ ತಂತಿಯನ್ನು ನಗೆಯಾಟ ಮಾಡಿದೆ ಎಂದು ತಿಳಿಯಬೇಡಿ.

ಮೋನಪ್ಪ ಹತ್ತಿ ನೋಡಿದ. ನಾನು ಬಂಗಾರದ ಹಾಗೆ ಹೊಳೆಯಿಸಿದ್ದು ಪಾಚಿಯ ಬಣ್ಣವಾಗಿದೆಯಂತೆ.

ವಾರಿಜಾ

*

ಧಾರವಾಡ
೧೬ ಜುಲೈ ೧೯೫೬

ವಾರಿಜಾ ವೈನಿಯವರಿಗೆ ಶರಣು.

ಈ ಅಕ್ಷರ ನನ್ನದಲ್ಲ. ಕನ್ನಡಕ ಒಡೆದು ರಿಪೇರಿಗೆ ಹುಬ್ಬಳ್ಳಿಗೆ ಹೋಗಿದೆ. ನಾನು ಹೇಳುತ್ತೇನೆ, ರುದ್ರವ್ವ ಬರೆಯುತ್ತಾಳೆ. ತಡವಾದದ್ದೂ ಅದಕ್ಕೇ.

ಹುಣಸೆಹುಳಿಯ ಸಂಗತಿ ಓದಿಸಿಕೊಂಡು ಬಹಳ ದಿನಗಳ ಮೇಲೆ ನಕ್ಕೆ. ತಪ್ಪು ನನ್ನದು, ಕೊಡದ ಮಾತು ಎತ್ತಬಾರದಿತ್ತು. ಕೊಡವನ್ನು ದಿನಾ ತೊಳೆಯುತ್ತೀರಿ, ತಂತಿಯನ್ನು ಯಾರು ತೊಳೆಯುತ್ತಾರೆ? ಹುಳಿ ಉಪ್ಪು ಹೊಸೆದ ಎಳೆಗಳ ನಡುವೆ ಉಳಿದು, ಮಳೆಯ ತೇವ ಕುಡಿದು, ಮೊದಲಿಗಿಂತ ಹೆಚ್ಚು ಕಿಲುಬು ಎಬ್ಬಿಸಿದೆ. ಗಂಟು ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಿರಿ. ಒಣಗಿದ ಮೇಲೆ ಚಾಕುವಿನಿಂದ ಹೆರೆಯಿರಿ. ಈ ಸಲ ಬರೀ ಹೊಸೆಯುವುದು ಬೇಡ, ಬೆಸುಗೆ ಹಾಕಿಸಿರಿ.

ನನ್ನ ಯಂತ್ರವೂ ನಡುವೆ ಕೆಲವು ದಿನ ಕೆಟ್ಟಿತ್ತು. ಈ ವಾರದಿಂದ ಆರೂವರೆಗೆ ಮತ್ತೆ ಕೂಡುತ್ತಿದ್ದೇನೆ.

ನೀಲಕಂಠಪ್ಪ

*

ಅಂಧೇರಿ
೫ ಆಗಸ್ಟ್ ೧೯೫೬, ಭಾನುವಾರ

ನೀಲಕಂಠಪ್ಪನವರಿಗೆ ನಮಸ್ಕಾರಗಳು.

ಈಗ ರಾತ್ರಿ ಎಂಟು. ಇಂದು ಮಳೆ ಬಿಡುವು ಕೊಟ್ಟಿತು, ಅಕ್ಕಿ ಬಿಸಿಲಿಗೆ ಹಾಕಿದೆ.

ನಿಮ್ಮ ಯಂತ್ರ ಕೆಟ್ಟಿತ್ತು ಎಂದು ಓದಿ ಸಮಾಧಾನವಾಯಿತು. ಅಂದರೆ ಜೂನಿನಲ್ಲಿ ನೀವು ಬಾರದೆ ಇದ್ದದ್ದು ನನ್ನ ತಂತಿಯ ತಪ್ಪಲ್ಲ. ನೀವೂ ಮೊದಲೇ ಬರೆಯಬಹುದಿತ್ತು.

ಇವರು ಕೆಲಸ ಮಾಡುತ್ತಿದ್ದ ಫೋರ್ಟಿನ ರೇಡಿಯೋ ಅಂಗಡಿಗೆ ಮೋನಪ್ಪ ತಂತಿಯನ್ನು ಸುತ್ತಿ ಚೀಲದಲ್ಲಿ ಒಯ್ದ. ಲೋಕಲ್‌ನಲ್ಲಿ ಚೀಲದ ಬಾಯಿಂದ ತುದಿ ಹೊರಗೆ ಬಂದು ಒಬ್ಬ ಸೇಠ್‌ನ ಕೈಗೆ ತಗುಲಿತಂತೆ. "ಸಾಂಪ್ ಹೈ ಕ್ಯಾ?" ಎಂದು ಹಾವಿಗೆ ಹೆದರಿ ಕೂಗಿದನಂತೆ. ಇವನು, "ಹೌದು ಸೇಠ್, ಹಾಲು ಕುಡಿಸಲು ಒಯ್ಯುತ್ತಿದ್ದೇನೆ" ಅಂದದ್ದಕ್ಕೆ ಅಂಧೇರಿಯಿಂದ ಚರ್ಚ್‌ಗೇಟಿನ ತನಕ ಕೂರಲು ಜಾಗ ಸಿಕ್ಕಿತಂತೆ. ಅಂಗಡಿಯವರು ಬೆಸುಗೆ ಹಾಕಿ ಕೊಟ್ಟರು.

ಈಗ ಪಿನ್ನು ಕಿತ್ತರೆ ಕಿಟಕಿ ಮುಚ್ಚಿದ ಹಾಗೆ ಸದ್ದು ಇಳಿಯುತ್ತದೆ. ಸಿಕ್ಕಿಸಿದರೆ ಲೋಕವೆಲ್ಲ ಒಳಗೆ ಬರುತ್ತದೆ. ಹಡಗಿನವರು, ಚೀನಾದವರು, ಎಲ್ಲ ಬರುತ್ತಾರೆ. ಧಾರವಾಡ ಮಾತ್ರ ಇಲ್ಲ.

ಪೆನ್ಸಿಲ್ ಗುರುತಿನ ಜಾಗದಲ್ಲಿ ಯಾರೋ ಹೊಸದಾಗಿ ಕಲಿಯುವವನು ಕೂತಿದ್ದಾನೆ. ಒಂದು ಅಕ್ಷರ ಬಡಿಯುತ್ತಾನೆ, ನಿಲ್ಲುತ್ತಾನೆ, ತಪ್ಪುತ್ತಾನೆ, ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ಅಂಬೆಗಾಲಿನ ಮಗು ಮೆಟ್ಟಿಲು ಹತ್ತಿದ ಹಾಗೆ. ಅವನು ಶುರು ಮಾಡಿದ ಕೂಡಲೇ ನಾನು ಗುಂಡಿ ತಿರುಗಿಸಿ ಆಚೆ ಈಚೆ ನಿಮ್ಮನ್ನು ಹುಡುಕುತ್ತೇನೆ. ಅವನು ಮುಗಿಸುವ ತನಕ ಕಾಯುವ ತಾಳ್ಮೆ ನನಗಿಲ್ಲ. ನಿಮಗೆ ಅವನು ಕೇಳಿಸುತ್ತಾನೆಯೇ? ಬೇರೆ ಹೊತ್ತಿನಲ್ಲಿ ಅಭ್ಯಾಸ ಮಾಡು ಎಂದು ಅವನಿಗೆ ಹೇಳಬಹುದೇ? ನಮಗೆ ಉಳಿದಿರುವ ದಿನಗಳೇ ಕಡಿಮೆ.

ತಂತಿಯಲ್ಲಿ ಇನ್ನೇನು ಕೊರತೆ ಇದ್ದೀತು, ಬರೆಯಿರಿ.

ವಾರಿಜಾ

*

ಧಾರವಾಡ
೧೩ ಆಗಸ್ಟ್ ೧೯೫೬

ವಾರಿಜಾ ವೈನಿಯವರಿಗೆ ಶರಣು.

ತಂತಿಯ ಎರಡು ಕೊನೆಗಳಲ್ಲಿ ಪಿಂಗಾಣಿಯ ಗುಂಡುಗಳು ಇರುತ್ತವೆ. ಅವು ಒಡೆದಿದ್ದರೆ ಬದಲಿಸಿರಿ. ಒದ್ದೆ ಹಗ್ಗ, ತಗಡಿನ ಛಾವಣಿ, ಯಾವುದೂ ತಂತಿಗೆ ತಾಗಬಾರದು.

ಆ ಕಲಿಯುವವನಿಗೆ ಹೇಳಿದ್ದೇನೆ. ಇನ್ನು ಆ ಹೊತ್ತಿಗೆ ಅವನು ಕೂಡುವುದಿಲ್ಲ.

ನೀಲಕಂಠಪ್ಪ

*

ಅಂಧೇರಿ
೨೬ ಆಗಸ್ಟ್ ೧೯೫೬, ಭಾನುವಾರ

ನೀಲಕಂಠಪ್ಪನವರಿಗೆ ನಮಸ್ಕಾರಗಳು.

ಈಗ ಸಂಜೆ ಏಳೂಕಾಲು. ಇಂದು ಟ್ರಂಕು ತೆಗೆದು ಇವರ ಅಂಗಿಗಳನ್ನು ನೋಡಿ ಮತ್ತೆ ಮಡಚಿಟ್ಟೆ.

ಒಂದು ಗುಂಡು ನಿಜವಾಗಿಯೂ ಒಡೆದಿತ್ತು. ಮೋನಪ್ಪ ಹೊಸದು ಹಾಕಿದ. ತೆಂಗಿನ ನಾರಿನ ಹಗ್ಗ ಬಿಚ್ಚಿ ಬೇರೆ ಕಟ್ಟಿದ. ಈಗ ತಂತಿಯಲ್ಲಿ ಹುಡುಕಲು ಉಳಿದ ತಪ್ಪು ಯಾವುದೂ ಇಲ್ಲ.

ನೀವೂ ಇಲ್ಲ. ಆ ಕಲಿಯುವವನೂ ಇಲ್ಲ. ಪೆನ್ಸಿಲ್ ಗುರುತಿನಲ್ಲಿ ಬರೀ ಮಳೆಯ ಚರಚರ. ಅವನು ಹೋದದ್ದು ಒಳ್ಳೆಯದಾಯಿತೆಂದು ಒಂದೆರಡು ದಿನ ಅಂದುಕೊಂಡೆ. ಆಮೇಲೆ ಕೆಡುಕೆನಿಸಿತು. ಅವನಾದರೂ ಯಾರನ್ನು ಕರೆಯುತ್ತಿದ್ದನೋ.

ನಿಮ್ಮ ಪತ್ರಗಳು ಗಿಡ್ಡವಾಗುತ್ತಿವೆ. ಸತ್ತವರ ಮನೆಗೆ ದಿನಾ ಎಷ್ಟು ಕಾಲ ಹೋಗಲಾದೀತು, ನಿಮಗೂ ನಿಮ್ಮ ಸಂಸಾರ ಇದೆ. ನನಗೆ ಅರ್ಥವಾಗುತ್ತದೆ. ಪೆಟ್ಟಿಗೆಯನ್ನು ಇವರ ಅಂಗಡಿಯವರಿಗೇ ಕೊಟ್ಟುಬಿಡೋಣ ಎಂದಿದ್ದೇನೆ.

ವಾರಿಜಾ

*

ಧಾರವಾಡ
೧ ಸೆಪ್ಟೆಂಬರ್ ೧೯೫೬

ವಾರಿಜಕ್ಕನವರಿಗೆ ರುದ್ರವ್ವನ ಶರಣು.

ಈ ಪತ್ರ ಅವರು ಹೇಳಿ ಬರೆಸಿದ್ದಲ್ಲ. ನಾನೇ ಬರೆಯುತ್ತಿದ್ದೇನೆ. ಅವರು ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಿದ್ದಾರೆ.

ಕನ್ನಡಕಕ್ಕೆ ಏನೂ ಆಗಿಲ್ಲ, ಅಕ್ಕಾ. ಜೂನಿನಲ್ಲಿ ನಿಮಗೆ ಬರೆದ ಪತ್ರವನ್ನು ಡಬ್ಬಿಗೆ ಹಾಕಿ ಬಂದವರು ಹೊಸ್ತಿಲಲ್ಲೇ ಕುಸಿದರು. ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಕಾಲು ಸ್ವಲ್ಪ ಬಂದಿದೆ. ಕೈ ಬಂದಿಲ್ಲ.

ಜುಲೈಯಲ್ಲಿ ಎದ್ದು ಕೂತ ಮೊದಲ ದಿನವೇ ಕೀಯನ್ನು ಎಡಗಡೆಗೆ ತಿರುಗಿಸಿ ಕೊಡು ಎಂದರು. ನಾನು, "ಹಟ ಬ್ಯಾಡ್ರಿ, ವೈನಿಗೆ ಖರೇ ಹೇಳಿಬಿಡ್ರಿ" ಎಂದೆ. "ಏ ಹುಚ್ಚಿ, ವೈನಿ ನನ್ನ ಕೇಳಾಕ ಕುಂದರ್ತಾರೇನು? ಅಣ್ಣನ ಕೈ ಕೇಳಾಕ ಕುಂದರ್ತಾರ. ಆ ಕೈನೂ ಹೋತು ಅಂತ ನಾ ಹೆಂಗ ಹೇಳ್ಲಿ? ಮುಂಬೈದಾಗ ತಂತಿ ಸರಿ ಆಗೂದ್ರಾಗ ಎಡಗೈ ಕಲೀತೇನಿ" ಎಂದರು. ಮಗ್ಗಿ ಕಲಿಯುವ ಹಾಗೆ ದಿನವೆಲ್ಲ ಮೇಜು ಬಡಿಯುತ್ತಿದ್ದರು.

ನೀವು ಬರೆದ ಆ ಕಲಿಯುವವನು ಇವರೇ.

ಈಗ ಓದಲು ಕೂತರೆ ಅವರಿಗೆ ತಲೆ ಸುತ್ತುತ್ತದೆ, ಆ ಪತ್ರವನ್ನೂ ಓದಿ ಹೇಳಿದವಳು ನಾನು. ಮಗು ಮೆಟ್ಟಿಲು ಹತ್ತಿದ ಮಾತು ಬಂದಾಗ ಪತ್ರ ಮಡಚಹೋದೆ. "ಓದು, ಪೂರಾ ಓದು" ಎಂದರು. ಓದಿದೆ. ಅಂದಿನಿಂದ ಕೀ ಮೇಲೆ ಟವಲ್ಲು ಮುಚ್ಚಿದ್ದಾರೆ. ಡಾಕ್ಟರು, ಏನಾದರೂ ಮಾಡುತ್ತಿರಲಿ, ಸುಮ್ಮನೆ ಕೂತರೆ ಇನ್ನೂ ಇಳಿಯುತ್ತಾರೆ ಎನ್ನುತ್ತಾರೆ. ಇವರು ಗೋಡೆ ನೋಡುತ್ತಾರೆ.

ನಿಮ್ಮದು ತಪ್ಪಲ್ಲ. ನಿಮಗೇನು ಗೊತ್ತು. ನಾನು ಬರೆದದ್ದು ಅವರಿಗೆ ತಿಳಿಯಬಾರದು.

ರುದ್ರವ್ವ

*

ಅಂಧೇರಿ
೫ ಸೆಪ್ಟೆಂಬರ್ ೧೯೫೬, ಬುಧವಾರ

ನೀಲಕಂಠಪ್ಪನವರಿಗೆ ನಮಸ್ಕಾರಗಳು.

ಈಗ ಮಧ್ಯಾಹ್ನ ಹನ್ನೆರಡು. ಬೆಳಿಗ್ಗೆಯಿಂದ ಯಾವ ಕೆಲಸವನ್ನೂ ಮಾಡಲಿಲ್ಲ.

ನಿಮಗೆ ಒಂದು ಕೆಲಸ ಹೇಳಬೇಕು. ಆ ಕಲಿಯುವವನನ್ನು ಮತ್ತೆ ಕರೆಯಿರಿ. ಆರೂವರೆಗೇ ಕೂರಲು ಹೇಳಿರಿ.

ಕಳೆದ ವರ್ಷ ಇವರು ಕಾಮಾಲೆಯಲ್ಲಿ ಮಲಗಿದ್ದಾಗ ಕೀಯನ್ನು ಹಾಸಿಗೆಯ ಮೇಲೇ ಇಟ್ಟುಕೊಂಡಿದ್ದರು. ಕೊನೆಯ ದಿನಗಳಲ್ಲಿ ಕೈ ಹೇಗೆ ಎಡವುತ್ತಿತ್ತು ಎಂಬುದು ನಿಮಗೆ ನೆನಪಿರಬೇಕು. ಒಂದು ಅಕ್ಷರ ಬಡಿದು ಕಣ್ಣು ಮುಚ್ಚುತ್ತಿದ್ದರು. ನಾನು, "ಸಾಕು, ಅವರಿಗೂ ಬೇಸರ ಬಂದೀತು" ಎಂದರೆ, "ಧಾರವಾಡ ಕಾಯ್ತದೆ" ಎನ್ನುತ್ತಿದ್ದರು. ನೀವು ಕಾದಿರಿ. ಒಂದು ದಿನವೂ ಗುಂಡಿ ತಿರುಗಿಸಿ ಹೋಗಲಿಲ್ಲ. ಇವರ ಓಟದ ಕೈ ನೆನಪಿಟ್ಟುಕೊಂಡು, ಆ ಎಡವುವ ಕೈಯನ್ನು ನಾನು ಮರೆತೇಬಿಟ್ಟಿದ್ದೆ. ಅದೂ ಇವರದೇ ಕೈಯಾಗಿತ್ತು.

ಪೆಟ್ಟಿಗೆಯನ್ನು ಯಾರಿಗೂ ಕೊಟ್ಟಿಲ್ಲ. ಮೂವತ್ತನೇ ತಾರೀಕಿನ ತನಕ ತಂತಿ ಮೇಲಿರುತ್ತದೆ. ಅವನು ಎಷ್ಟು ತಡವರಿಸಿದರೂ ಮುಗಿಯುವ ತನಕ ನಾನು ಕೂರುತ್ತೇನೆ ಎಂದು ಹೇಳಿರಿ.

ವಾರಿಜಾ

*

ಅಂಧೇರಿ
೨೯ ಸೆಪ್ಟೆಂಬರ್ ೧೯೫೬, ಶನಿವಾರ

ನೀಲಕಂಠಪ್ಪನವರಿಗೆ ನಮಸ್ಕಾರಗಳು.

ಈಗ ಸಂಜೆ ಏಳೂಕಾಲು. ದಿನವೆಲ್ಲ ಪಾತ್ರೆಗಳನ್ನು ಗೋಣಿಗೆ ತುಂಬಿದೆ. ಪೆಟ್ಟಿಗೆ, ಒಂದು ಚಾಪೆ, ಒಲೆ, ಅನ್ನದ ಪಾತ್ರೆ ಇಷ್ಟನ್ನು ಮಾತ್ರ ಹೊರಗೆ ಇಟ್ಟಿದ್ದೆ.

ಈ ತಿಂಗಳು ಒಂದು ಸಂಜೆಯನ್ನೂ ತಪ್ಪಿಸಿಲ್ಲ. ಚೌತಿಯ ಗಣಪತಿಯನ್ನು ಚಾಳಿನ ಅಂಗಳದಲ್ಲೇ ಕೂರಿಸಿ ಮೈಕು ಹಾಕಿದ್ದರು. ಆರೂವರೆಯಾದರೆ ಗಂಗುಬಾಯಿ ಸೆರಗು ಸಿಕ್ಕಿಸಿ ಇಳಿದು ಹೋಗುತ್ತಿದ್ದಳು. "ಏ ಮೈಕಿನವ್ನs, ಬಂದ್ ಕರ್! ಗಣಪ್ಪಗ ಅಷ್ಟ್ ದೊಡ್ಡ ಕಿವಿ ಅದಾವು, ನೀ ಒದರೂದು ಬ್ಯಾಡ" ಎಂದು ಗದರಿಸಿ ನಿಲ್ಲಿಸಿಬಿಡುತ್ತಿದ್ದಳು. ಅಷ್ಟು ಮಾಡಿದರೂ ಪೆಟ್ಟಿಗೆಯಲ್ಲಿ ಏನೂ ಇರುತ್ತಿರಲಿಲ್ಲ. ನಾನು ಅವಳ ಮುಖ ನೋಡದೆ ಹೆಡ್‌ಫೋನ್ ತೆಗೆದಿಡುತ್ತಿದ್ದೆ.

ಇಂದು ಕೊನೆಯ ಸಂಜೆ ಎಂದು ಅವಳೂ ಬಂದು ಕೂತಳು. ಒಂದು ಕಿವಿ ಅವಳಿಗೆ, ಒಂದು ನನಗೆ. ಆರೂವರೆ ಆಯಿತು, ಏನೂ ಇಲ್ಲ. ಆರೂಮುಕ್ಕಾಲು ಆಗುತ್ತ ಬಂತು. ಎದ್ದೆ. ಆಗ ಒಂದು ಉದ್ದ ಸದ್ದು ಬಂತು. ಬಂದು ನಿಂತಿತು. ಮತ್ತೆ ಬಂತು.

ಅವನೇ. ಮೊದಲಿಗಿಂತಲೂ ನಿಧಾನ. ಒಂದು ಕಡೆ ಎಷ್ಟು ಹೊತ್ತು ನಿಂತನೆಂದರೆ ಬಿಟ್ಟು ಎದ್ದನೇನೋ ಎಂದು ಹೆದರಿದೆ. ಕೈ ಗುಂಡಿಯ ಹತ್ತಿರ ಹೋಗಬಾರದೆಂದು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡೆ. ಗಂಗುಬಾಯಿ, "ಯಾರವಾ ಇಂವಾ, ಇಷ್ಟ್ ತಡವರಸ್ತಾನ?" ಎಂದು ಕೇಳಿದಳು. "ನಮ್ಮವರೇ" ಎಂದೆ.

ಅವನು ಏನು ಹೇಳಿದನೋ ನನಗೆ ತಿಳಿಯದು. ಮುಗಿದ ಮೇಲೆ ಸ್ವಲ್ಪ ಹೊತ್ತು ಚರಚರ. ಆಮೇಲೆ ಒಂದು ಬಡಿತ. ತುಸು ತಡೆದು ಇನ್ನೊಂದು.

ಅದರಲ್ಲಿ ಎಡವು ಇರಲಿಲ್ಲ. ನಮ್ಮ ಬಾಗಿಲ ಮೇಲೆ ಬೀಳುತ್ತಿದ್ದ ಹಾಗೆಯೇ ಬಿತ್ತು. ಆಗಸ್ಟಿನಲ್ಲೂ ಅವನು ದಿನಾ ಇದನ್ನು ಬಡಿದೇ ಏಳುತ್ತಿದ್ದನೇನೋ. ಅಷ್ಟರಲ್ಲಿ ನಾನು ಗುಂಡಿ ತಿರುಗಿಸಿ ಎಲ್ಲೋ ಹೋಗಿರುತ್ತಿದ್ದೆ.

ಇವರು ಇದ್ದಿದ್ದರೆ, "ಏ ಧಾರವಾಡ, ಎಮ್ಮೆ ಬಂತು ಮಾರಾಯ" ಎನ್ನುತ್ತಿದ್ದರು. ಹೊಡೆಯದೆ ಪೆನ್ಸಿಲನ್ನೂ ಬದಿಗಿಡುತ್ತಿದ್ದರು. ಆರು ತಿಂಗಳು ಎಮ್ಮೆ ಎಂದು ನೀವೇ ಬರೆದಿದ್ದಿರಿ, ಆ ಕಲಿಯುವವನಿಗೂ ಅದನ್ನು ಹೇಳಿರಿ. ನಿಮ್ಮ ಕನ್ನಡಕ ಬೇಗ ಸರಿಯಾಗಿ ಬರಲಿ. ಬರುವ ತನಕ ರುದ್ರವ್ವನವರೇ ಬರೆಯಲಿ, ಅವರ ಅಕ್ಷರ ನನಗೆ ಅಭ್ಯಾಸವಾಗಿದೆ.

ಅನ್ನ ಒಲೆಯ ಮೇಲಿದೆ. ತಂತಿಯನ್ನು ಕತ್ತರಿಸದೆ ಸುತ್ತಬೇಕೆಂದು ಮೋನಪ್ಪನಿಗೆ ಹೇಳಿದ್ದೇನೆ. ವಿಕ್ರೋಳಿಯ ಖೋಲಿಯ ಹಿಂದೆ ಒಂದು ತಾಳೆಮರ ಇದೆಯಂತೆ, ಇನ್ನೊಂದು ಕೊನೆಗೆ ಏನು ಮಾಡುವುದೋ ಅಲ್ಲಿ ಹೋಗಿ ನೋಡಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ಅವನು ಏಣಿ ತರುತ್ತಾನೆ.

ವಾರಿಜಾ